ಜೋಡಿ ಸಿಗದವರ ಸಾಮು: ಆಕ್ಷೇಪಕರಿಗೆ ಉತ್ತರ

ರಾಯಬಾಗ ತಾಲ್ಲೂಕಿನ ಪಾಲಬಾವಿಯಂಥ ಊರಿನಲ್ಲಿ ಒಬ್ಬ ಹುಡುಗ ಜಿಯು-ಜಿಟ್ಸು ಕಲಿಯುತ್ತೇನೆಂದು ಹೊರಟರೆ ಅವನ ಕೈಗೆ ಸಿಗುವ ಸಾಮಗ್ರಿ ಇಷ್ಟು: ಮೊಬೈಲಿನಲ್ಲಿ ನೋಡಿಟ್ಟುಕೊಂಡ ನಾಲ್ಕಾರು ಪಟ್ಟುಗಳು, ಕಬ್ಬಿನ ರವದಿ ಹರಡಿ ಅದರ ಮೇಲೆಳೆದ ತಾಡಪತ್ರಿ, ಅದೇ ರವದಿ ತುಂಬಿ ಬಾಯಿ ಹೊಲಿದ ಗೊಬ್ಬರದ ಚೀಲ, ಬೇವಿನ ಗಿಡಕ್ಕೆ ಬಿಗಿದ ಹಳೆಯ ಟ್ಯೂಬು. ಇಲ್ಲದ್ದು ಒಂದೇ, ಎದುರಿಗೆ ನಿಲ್ಲುವ ಜೋಡಿ. ಇಂಥ ಹುಡುಗರನ್ನು ನೋಡಿ ನಗುವವರಲ್ಲಿ ಎರಡು ಪಂಗಡ. ಒಂದು ಊರ ತಾಲೀಮಿನ ಹಳೆಯ ವಸ್ತಾದರದು, ಇನ್ನೊಂದು ನಗರದ ಅಕಾಡೆಮಿಗಳ ಕೋಚುಗಳದು. ಮಣ್ಣು ಮೇಲೋ ಮ್ಯಾಟು ಮೇಲೋ ಎಂಬುದರಿಂದ ಹಿಡಿದು ಬೇರೆ ಯಾವ ವಿಷಯದಲ್ಲೂ ಒಮ್ಮತವಿಲ್ಲದ ಈ ಇಬ್ಬರೂ ಒಬ್ಬನೇ ಸಾಮು ಮಾಡುವವನನ್ನು ಗೇಲಿ ಮಾಡುವುದರಲ್ಲಿ ಮಾತ್ರ ಅಣ್ಣತಮ್ಮಂದಿರಾಗಿಬಿಡುತ್ತಾರೆ. ಅವರ ಮಾತುಗಳನ್ನು ಒಂದೊಂದಾಗಿ ಓದುಗರ ಮುಂದಿಡುತ್ತೇನೆ.

ಅದಕ್ಕೂ ಮೊದಲು ನನ್ನ ನಿಲುವನ್ನು ಹೇಳಿಬಿಡಬೇಕು. ಇಲ್ಲದಿದ್ದರೆ ನಾನು ಆಡದ ಮಾತನ್ನು ನನ್ನ ತಲೆಗೆ ಕಟ್ಟಿ, ಅದನ್ನೇ ಕೆಡವಿ, ಗೆದ್ದೆವೆಂದು ತೊಡೆ ತಟ್ಟುವ ಅಭ್ಯಾಸ ಕೆಲವರಿಗಿದೆ. ಒಂಟಿ ಸಾಮು ಮಾಡಿದವನಿಗೆ ಜೋಡಿಯೊಡನೆ ಸೆಣಸಿ ಜೋರ್ ಮಾಡುವುದೇ ಬೇಡ ಎಂದು ನಾನು ಹೇಳುತ್ತಿಲ್ಲ. ಈ ವಿದ್ಯೆಯಲ್ಲಿ ಒಬ್ಬನೇ ಮಾಡಿ ಕಲಿಯುವ ಭಾಗವೊಂದಿದೆ, ಅದು ಸಣ್ಣದಲ್ಲ, ಅದನ್ನು ನಾಳೆ ಬೆಳಿಗ್ಗೆಯಿಂದಲೇ ಶುರು ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ ಎಂಬುದಷ್ಟೇ ನನ್ನ ವಾದ. ಕೆಡವುವುದಿದ್ದರೆ ಇದನ್ನು ಕೆಡವಬೇಕು.

ಎಲ್ಲರ ಬಾಯಲ್ಲೂ ಇರುವ ಮೊದಲ ಮಾತು: "ನೀರಿಗೆ ಇಳೀಲಾರ್ದ ಈಸಾಕ ಬರೂದಿಲ್ಲ." ಕೇಳಿದ ಕೂಡಲೇ ತಲೆ ಅಲ್ಲಾಡಿಸುವಂತಿದೆ. ಆದರೆ ನಮ್ಮ ಕಡೆಯ ಹುಡುಗರು ಈಸು ಕಲಿಯುವ ಬಗೆಯನ್ನು ಇದೇ ಹಿರಿಯರು ನೋಡಿಲ್ಲವೇ? ತೋಟದ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಕುಂಬಳ ಬುರುಡೆ ಕಟ್ಟಿಕೊಂಡು, ಈಗೀಗ ಖಾಲಿ ಕ್ಯಾನು ಕಟ್ಟಿಕೊಂಡು, ಹುಡುಗ ಒಬ್ಬನೇ ಕೈಕಾಲು ಬಡಿಯುತ್ತಾನೆ. ಅವನನ್ನು ಹಿಡಿದು ಮುಳುಗಿಸಲು ಎದುರಾಳಿಯೊಬ್ಬ ಬಾವಿಯಲ್ಲಿ ಕಾದಿರುವುದಿಲ್ಲ. ಈಸುವವನಿಗೆ ನೀರು ಹೇಗೋ, ನೆಲದ ಮೇಲಿನ ಈ ಕುಸ್ತಿಗೆ ನೆಲವೂ ಸ್ವಂತ ಮೈಯ ಭಾರವೂ ಹಾಗೆ. ಬೆನ್ನ ಮೇಲೆ ಮಲಗಿದವನು ತನ್ನ ಸೊಂಟವನ್ನು ತಾನೇ ನೆಲದಿಂದ ಬಿಡಿಸಿಕೊಂಡು ಒಂದು ಮೊಳ ಹಿಂದಕ್ಕೆ ಎಳೆದುಕೊಳ್ಳಲಾರದಿದ್ದರೆ, ಮೇಲೆ ಎಂಬತ್ತು ಕಿಲೋದ ಆಳು ಕೂತಾಗ ಎಳೆದುಕೊಳ್ಳುತ್ತಾನೆಯೇ? ನೀರಿನ ಹೋಲಿಕೆಯನ್ನು ತಂದವರು ಅವರು. ಅದು ನಿಂತಿರುವುದು ನನ್ನ ಕಡೆಗೆ.

ಎರಡನೆಯ ಮಾತು ತಾಲೀಮಿನವರದು, ಸ್ವಲ್ಪ ಗತ್ತಿನದು: "ನಮ್ಮ ಹಿರಿಯರು ಯಾರೂ ಒಬ್ಬರೇ ಕುಸ್ತಿ ಕಲಿಯಲಿಲ್ಲ. ಕುಸ್ತಿ ಅಂದರೆ ಜೋರ್, ಜೋರ್ ಅಂದರೆ ಇಬ್ಬರು." ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಏಕೆಂದರೆ ಪರಂಪರೆಯ ಹೆಸರಿನಲ್ಲಿ ಪರಂಪರೆಯನ್ನೇ ಮರೆತ ಮಾತಿದು.

ಬೆಳಗಿನ ಜಾವ ಯಾವುದಾದರೂ ತಾಲೀಮಿನ ಬಾಗಿಲಲ್ಲಿ ನಿಂತು ನೋಡಿ. ಜೋರ್ ಶುರುವಾಗುವುದಕ್ಕೆ ಮುಂಚೆ ಏನು ನಡೆಯುತ್ತದೆ? ಒಬ್ಬ ಗುದ್ದಲಿ ಹಿಡಿದು ಕುಸ್ತಿಯ ಕಣವಾದ ಹೌದೆಯ ಮಣ್ಣು ಕೆದರುತ್ತಿರುತ್ತಾನೆ. ಒಬ್ಬ ದಂಡ ಹೊಡೆಯುತ್ತಿರುತ್ತಾನೆ, ಒಬ್ಬ ಬೈಠಕ್. ಒಬ್ಬ ಗದೆ ತಿರುಗಿಸುತ್ತಿದ್ದರೆ ಮತ್ತೊಬ್ಬ ತೊಲೆಗೆ ಇಳಿಬಿಟ್ಟ ಹಗ್ಗವನ್ನು ಕೈಬಲದಿಂದಲೇ ಏರುತ್ತಿರುತ್ತಾನೆ. ತಲೆಯನ್ನು ಮಣ್ಣಿಗೆ ಊರಿ, ಮೈಯನ್ನು ಕಮಾನಿನಂತೆ ಎತ್ತಿ ಕುತ್ತಿಗೆ ಗಟ್ಟಿ ಮಾಡಿಕೊಳ್ಳುವವನೂ ಅಲ್ಲೇ ಇರುತ್ತಾನೆ. ಇವರಲ್ಲಿ ಯಾರ ಎದುರಿಗಾದರೂ ಜೋಡಿ ಇದೆಯೇ? ಗಾಮಾ ಪೈಲ್ವಾನನ ಹೆಸರು ಬಂದರೆ ಇದೇ ವಸ್ತಾದರು ಅವನು ದಿನಕ್ಕೆ ಹೊಡೆಯುತ್ತಿದ್ದ ಸಾವಿರಗಟ್ಟಲೆ ದಂಡ-ಬೈಠಕ್‌ಗಳ ಲೆಕ್ಕವನ್ನು ಬಾಯಿಪಾಠ ಒಪ್ಪಿಸುತ್ತಾರೆ. 1910ರಲ್ಲಿ ಲಂಡನ್ನಿಗೆ ಹೋಗಿ ಝಬಿಸ್ಕೊನನ್ನು ಎದುರಿಸಿದ ಆ ಮೈ ಅರ್ಧಕ್ಕರ್ಧ ಒಂಟಿ ಸಾಮಿನಲ್ಲಿ ತಯಾರಾದದ್ದು ಎಂಬ ಸರಳ ತೀರ್ಮಾನಕ್ಕೆ ಮಾತ್ರ ಅವರು ಬರುವುದಿಲ್ಲ.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಹೋಗೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಮಲ್ಲರನ್ನು ವಯಸ್ಸು, ಗಾತ್ರ, ಬಲ ನೋಡಿ ವಿಂಗಡಿಸಿ, ಅವರ ಊಟವೇನು, ಅವರ ಶ್ರಮಗಳೇನು ಎಂದು ಅದು ಹೇಳುತ್ತದೆ. ಆ ಶ್ರಮಗಳಲ್ಲಿ ಭಾರ ಎತ್ತುವುದಿದೆ, ನಡೆಯುವುದಿದೆ, ನೀರಿನಲ್ಲಿ ಮಾಡುವುದಿದೆ, ಕಂಬದ ಮೇಲೆ ಮಾಡುವ ಸ್ತಂಭಶ್ರಮವೂ ಇದೆ. ಈ ನಾಲ್ಕೂ ಒಬ್ಬೊಬ್ಬರೇ ಮಾಡುವಂಥವು. ಗುಜರಾತಿನ ಜ್ಯೇಷ್ಠಿಮಲ್ಲರ ಮಲ್ಲಪುರಾಣ ಮತ್ತೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಖಾಡದಲ್ಲಿ ಇಳಿದು ಸೆಣಸುವ ರಂಗಶ್ರಮವನ್ನು ಹಲವು ಶ್ರಮಗಳಲ್ಲಿ ಒಂದೆಂದು ಎಣಿಸಿ, ಅದರ ಜೊತೆಯ ಸಾಲಿನಲ್ಲೇ ಊಹಾಪೋಹಶ್ರಮವನ್ನು ಇಡುತ್ತದೆ. ಪಟ್ಟುಗಳನ್ನು ಕುರಿತು ಯೋಚಿಸುವುದೂ ಚರ್ಚಿಸುವುದೂ ಮಲ್ಲನ ವ್ಯಾಯಾಮವೇ ಎಂದರ್ಥ. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗದಲ್ಲಿ ಇಳಿಯುವ ನಮ್ಮ ಜೆಟ್ಟಿಗಳ ನಂಟು ಆ ಪರಂಪರೆಯ ಜೊತೆಗೇ ಇರುವುದು. ಪಾಲಬಾವಿಯ ಹುಡುಗ ರಾತ್ರಿ ಮಲಗಿಕೊಂಡು ಪಟ್ಟೊಂದನ್ನು ತಲೆಯಲ್ಲೇ ನಾಲ್ಕು ಸಲ ತಿರುವಿ ನೋಡಿದರೆ ವಸ್ತಾದರು ಅದನ್ನು ಹಗಲುಗನಸು ಅನ್ನುತ್ತಾರೆ. ಮಲ್ಲಪುರಾಣ ಅದನ್ನು ಸಾಮು ಅನ್ನುತ್ತದೆ. ಇಬ್ಬರಲ್ಲಿ ಪರಂಪರೆ ಯಾರ ಕಡೆಗಿದೆ?

ಇಷ್ಟು ಹೇಳಿದ ಮೇಲೆ ಒಂದು ನುಣುಚು ಬರುತ್ತದೆ: "ಅದೆಲ್ಲಾ ಬರೇ ತಾಕತ್ತಿಗೆ. ಪಟ್ಟು ಮಾತ್ರ ಜೋಡಿ ಇಲ್ಲದೆ ಬರೂದಿಲ್ಲ." ಮೊದಲು ಒಂಟಿ ಅಭ್ಯಾಸವೇ ಇರಲಿಲ್ಲ ಅಂದವರು ಈಗ ಇತ್ತು, ಆದರೆ ಶಕ್ತಿಗಷ್ಟೇ ಇತ್ತು ಅನ್ನುತ್ತಿದ್ದಾರೆ ಎಂಬುದನ್ನು ಓದುಗರು ಗುರುತು ಹಾಕಿಕೊಳ್ಳಲಿ. ಈ ಎರಡನೆಯ ನೆಲೆಯೂ ನಿಲ್ಲುವುದಿಲ್ಲ. ಮಲ್ಲಕಂಬ ಹುಟ್ಟಿದ್ದು ಯಾತಕ್ಕೆ? ಇಂದು ತುಳಸಿಗೇರಿ, ಲಕ್ಷ್ಮೇಶ್ವರದ ಮಕ್ಕಳು ಅದರ ಮೇಲೆ ತೋರಿಸುವ ಕಸರತ್ತು ನೋಡಿ ನಾವು ಚಪ್ಪಾಳೆ ತಟ್ಟುತ್ತೇವೆ. ಆ ಕಂಬ ಮೊದಲಿಗೆ ಪೈಲ್ವಾನನ ಎದುರಾಳಿಯ ಜಾಗದಲ್ಲಿ ನೆಟ್ಟದ್ದು. ಅದಕ್ಕೆ ಕುತ್ತಿಗೆಯಂಥ ಸಣ್ಣ ಭಾಗವಿದೆ, ಮೇಲೆ ತಲೆಯಂಥ ಗುಂಡಿದೆ. ಕಂಕುಳಲ್ಲಿ ಅವುಚುವುದು, ತೊಡೆಯಲ್ಲಿ ಬಿಗಿಯುವುದು, ಕಾಲು ಸುತ್ತಿ ಆಧಾರ ಪಡೆಯುವುದು, ಎಲ್ಲವೂ ಕುಸ್ತಿಯ ಹಿಡಿತಗಳೇ. ಅದಕ್ಕೆ ಮರುಜೀವ ಕೊಟ್ಟವನೆಂದು ಹೇಳುವ ಬಾಳಂಭಟ್ಟ ದಾದಾ ದೇವಧರ ಎರಡನೆಯ ಬಾಜೀರಾವ ಪೇಶ್ವೆಯ ವ್ಯಾಯಾಮಗುರು. ನಿಜಾಮನ ಕಡೆಯಿಂದ ಬಂದ ಪೈಲ್ವಾನರ ಸವಾಲನ್ನು ಅವನು ಸ್ವೀಕರಿಸಿದ್ದು, ಸಪ್ತಶೃಂಗಿಯಲ್ಲಿದ್ದು ಕಟ್ಟಿಗೆಯ ಕಂಬದ ಮೇಲೆ ಸಾಧನೆ ಮಾಡಿ ಬಂದು ಗೆದ್ದದ್ದು ಐತಿಹ್ಯ. ಆ ಐತಿಹ್ಯದ ವಿವರಗಳನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಿ. ಆದರೆ ಅದನ್ನು ತಲೆಮಾರುಗಳಿಂದ ಹೇಳಿಕೊಂಡು ಬಂದದ್ದು ಅಕಾಡೆಮಿಯವರಲ್ಲ, ತಾಲೀಮಿನವರು. ಗುರುವಿನ ಎದುರಾಳಿ ಕಂಬವಾಗಿದ್ದರೆ ಮಹಿಮೆ, ಹುಡುಗನ ಎದುರಾಳಿ ರವದಿ ಚೀಲವಾದರೆ ಮೂರ್ಖತನ. ಇದು ಯಾವ ನ್ಯಾಯ?

ನಗರದ ಕೋಚುಗಳಿಗೆ ನಮ್ಮ ಪುರಾಣ ಬೇಡವಾಗಬಹುದು. ಅವರ ಪುರಾಣದಿಂದಲೇ ಉತ್ತರ ಕೊಡೋಣ. ಜಿಯು-ಜಿಟ್ಸು ಕಲಿತ ಪ್ರತಿಯೊಬ್ಬನಿಗೂ ಗೊತ್ತಿರುವ ಒಂದು ಪಟ್ಟು 'ಕಿಮುರಾ'. ಎದುರಾಳಿಯ ಮಣಿಕಟ್ಟನ್ನು ಹಿಡಿದು, ಎರಡೂ ಕೈಗಳಿಂದ ಬೀಗ ಹಾಕಿ, ಭುಜವನ್ನು ಹಿಂದಕ್ಕೆ ತಿರುಚುವ ಹಿಡಿತ ಅದು. 1951ರಲ್ಲಿ ರಿಯೊ ಡಿ ಜನೈರೊದ ಮರಕಾನಾ ಕ್ರೀಡಾಂಗಣದಲ್ಲಿ ಮಸಾಹಿಕೊ ಕಿಮುರಾ ಬ್ರೆಜಿಲ್ ಶೈಲಿಯ ಹಿರಿಯ ಎಲಿಯೊ ಗ್ರೇಸಿಯನ್ನು ಇದರಿಂದಲೇ ಸೋಲಿಸಿದ್ದು. ಸೋತವರೇ ಆ ಪಟ್ಟಿಗೆ ಗೆದ್ದವನ ಹೆಸರಿಟ್ಟುಕೊಂಡರು. ಈ ಕಿಮುರಾ 1937ರಿಂದ ಮೂರು ವರ್ಷ ಸತತವಾಗಿ ಅಖಿಲ ಜಪಾನ್ ಜೂಡೋ ಪ್ರಶಸ್ತಿ ಗೆದ್ದವನು. ಕಾಲಿನಿಂದ ಕಾಲನ್ನು ಹೊರಗಿನಿಂದ ಕೊಯ್ದು ಕೆಡವುವ ಅವನ ಪಟ್ಟಿಗೆ ಎದುರಾಳಿಗಳು ನಡುಗುತ್ತಿದ್ದರು. ಆ ಪಟ್ಟನ್ನು ಅವನು ಹರಿತ ಮಾಡಿಕೊಂಡದ್ದು ಒಂದು ಮರದ ಎದುರು. ದಿನದಿನವೂ ಮರಕ್ಕೆ ಮೈ ಕೊಟ್ಟು, ಕಾಲು ಬೀಸಿ, ಅದೇ ಚಲನೆಯನ್ನು ಮಾಡಿದ. ತಾಕತ್ತಿಗೆ ಮಾಡಿದ ದಂಡವಲ್ಲ ಅದು, ಹೆಸರಿರುವ, ಅಂಕ ತರುವ ಒಂದು ಪಟ್ಟು.

"ಆದರೆ ಕಿಮುರಾನಿಗೆ ಸಂಜೆಗೆ ಜೋಡಿಗಳೂ ಇದ್ದರಲ್ಲ" ಎಂದು ತಕ್ಷಣ ಅನ್ನುತ್ತೀರಿ. ಇದ್ದರು. ಹಾಗಾದರೆ ಕೈಗೆಟುಕುವಷ್ಟು ಹತ್ತಿರ ಜೋಡಿಗಳಿದ್ದವನೂ ಮರದ ಹತ್ತಿರ ಏಕೆ ಹೋದ? ಜೋಡಿಯಿಂದ ಸಿಗದ ಏನೋ ಒಂದು ಮರದಿಂದ ಸಿಗುತ್ತಿತ್ತು ಎಂದಲ್ಲವೇ? ಮರ ದಣಿಯುವುದಿಲ್ಲ, ಬೇಸರಪಡುವುದಿಲ್ಲ, ಅದರ ಊಟದ ಹೊತ್ತಿಗೆ ಬಿಡಬೇಕಾಗಿಲ್ಲ. ಮತ್ತೆ ಮತ್ತೆ ಮಾಡಬೇಕಾದ್ದಕ್ಕೆ ಅದಕ್ಕಿಂತ ತಾಳ್ಮೆಯ ಜೋಡಿ ಇಲ್ಲ. ನಿಮ್ಮ ಆಕ್ಷೇಪ ನನ್ನ ವಾದವನ್ನು ಅಲ್ಲಗಳೆಯುವ ಬದಲು ಪೂರ್ತಿ ಮಾಡಿಕೊಟ್ಟಿತು.

ಕೋಚುಗಳ ಮಾತು ಬಂದಾಗ ಅವರದೇ ತರಗತಿಯನ್ನೂ ನೋಡಿಬಿಡೋಣ. ಶುಲ್ಕ ಕಟ್ಟಿ ಒಳಗೆ ಹೋದ ವಿದ್ಯಾರ್ಥಿಗೆ ಮೊದಲು ಏನು ಮಾಡಿಸುತ್ತಾರೆ? ಮ್ಯಾಟಿನ ಈ ತುದಿಯಿಂದ ಆ ತುದಿಯವರೆಗೆ ಬೆನ್ನ ಮೇಲೆ ಸೊಂಟ ಸರಿಸುತ್ತಾ ಹೋಗು, ಅಲ್ಲಿಂದ ಭುಜದ ಮೇಲೆ ಉರುಳುತ್ತಾ ಬಾ, ಬಿದ್ದು ಅಂಗೈ ಬಡಿ, ಒಂದು ಕೈ ನೆಲಕ್ಕೂರಿ ಏಳು. ಒಬ್ಬೊಬ್ಬರೇ, ಸಾಲಾಗಿ. ಇದನ್ನು ಅವರು 'ವಾರ್ಮ್ ಅಪ್' ಅನ್ನುತ್ತಾರೆ. ಅದೇ ನಾಲ್ಕು ಚಲನೆಯನ್ನು ಪಾಲಬಾವಿಯಲ್ಲಿ ತಾಡಪತ್ರಿಯ ಮೇಲೆ ಮಾಡಿದರೆ 'ವ್ಯರ್ಥ' ಅನ್ನುತ್ತಾರೆ. ಚಲನೆ ಒಂದೇ, ಮೈಯೂ ಒಂದೇ ತೆರನಾದದ್ದು. ವ್ಯತ್ಯಾಸವೆಲ್ಲಿ ಎಂದು ಹುಡುಕಿದರೆ ರಸೀದಿಯೊಂದೇ ಸಿಗುತ್ತದೆ. ಜೂಡೋ ಕಟ್ಟಿದ ಜಿಗೊರೊ ಕಾನೊ, 1882ರಲ್ಲಿ ಕೊಡೊಕಾನ್ ಸ್ಥಾಪಿಸಿದವನು, ಮುಂದೆ 1920ರ ದಶಕದಲ್ಲಿ ಜನಸಾಮಾನ್ಯರಿಗೆಂದು ವ್ಯಾಯಾಮ ಪದ್ಧತಿಯೊಂದನ್ನು ರೂಪಿಸಿದ. ಅದರಲ್ಲಿ ಒಬ್ಬರೇ ಮಾಡುವ ಭಾಗ ಒಂದು, ಇಬ್ಬರು ಮಾಡುವ ಭಾಗ ಇನ್ನೊಂದು. ಮೂಲಪುರುಷನೇ ಬಿಟ್ಟುಕೊಟ್ಟ ಜಾಗವನ್ನು ಶಿಷ್ಯರ ಶಿಷ್ಯರು ಏಕೆ ಕಿತ್ತುಕೊಳ್ಳಬೇಕೋ ತಿಳಿಯದು.

ಮೂರನೆಯ ಆಕ್ಷೇಪಕ್ಕೆ ತೂಕವಿದೆ, ಆದ್ದರಿಂದ ಅದನ್ನು ಪೂರ್ತಿ ಬಲದಲ್ಲೇ ಇಡುತ್ತೇನೆ: "ಎದುರಾಳಿ ತಡೆಯುತ್ತಾನೆ, ಮೋಸ ಮಾಡುತ್ತಾನೆ, ಭಾರ ಬದಲಿಸುತ್ತಾನೆ. ಯಾವ ಕ್ಷಣದಲ್ಲಿ ಪಟ್ಟು ಹಾಕಬೇಕೆಂಬ ಅಂದಾಜು ಅವನಿಂದಲೇ ಬರುವುದು. ಚೀಲ ತಡೆಯುವುದಿಲ್ಲ." ಸತ್ಯ. ಇದನ್ನು ನಾನು ಮೊದಲೇ ಒಪ್ಪಿದ್ದೇನೆ. ಆದರೆ ಇದರಿಂದ ಹೊರಡುವ ತೀರ್ಮಾನ 'ಸಮಯದ ಅಂದಾಜು ಒಂಟಿಯಾಗಿ ಬರುವುದಿಲ್ಲ' ಎಂಬುದಷ್ಟೇ. 'ಒಂಟಿಯಾಗಿ ಏನೂ ಬರುವುದಿಲ್ಲ' ಎಂಬಲ್ಲಿಗೆ ಜಿಗಿಯಲು ಮಧ್ಯದ ಮೆಟ್ಟಿಲೇ ಇಲ್ಲ. ಜೋಡಿಯಿಲ್ಲದೆ ಬರುವುದೇನು ಎಂಬುದನ್ನು ಒಂದೇ ಒಂದು ಚಲನೆಯಲ್ಲಿ ನೋಡೋಣ. ಮೇಲೆ ಕೂತವನ ಕೆಳಗಿನಿಂದ ಪಾರಾಗಲು ಸೊಂಟ ಸರಿಸುವುದು ಈ ವಿದ್ಯೆಯ ಅಕ್ಷರಾಭ್ಯಾಸ. ಅಂಗಾತ ಮಲಗಿ ಮಂಡಿ ಮಡಿಸಬೇಕು. ಒಂದು ಹಿಮ್ಮಡಿಯನ್ನು ಪೃಷ್ಠದ ಹತ್ತಿರಕ್ಕೆ ತಂದು ಊರಬೇಕು. ಆ ಪಾದದಿಂದ ನೆಲವನ್ನು ಒತ್ತಿ ಸೊಂಟವನ್ನು ಮೇಲೆತ್ತಿ, ಮೈಯನ್ನು ಪೂರ್ತಿ ಒಂದು ಪಕ್ಕಕ್ಕೆ ಹೊರಳಿಸಿ, ಆಮೇಲೆ ಸೊಂಟವನ್ನು ಹಿಂದಕ್ಕೆ ಎಸೆಯಬೇಕು. ಕೈಗಳೆರಡೂ ಎದುರಿಗಿರುವ ಕಾಣದ ಮಂಡಿಯನ್ನು ತಳ್ಳುವಂತೆ ಮುಂದಕ್ಕೆ ಚಾಚಿರಬೇಕು. ಹೊಸಬರು ಮಾಡುವ ತಪ್ಪು ಯಾವಾಗಲೂ ಅದೇ: ಬೆನ್ನ ಮೇಲೇ ಉಳಿದುಬಿಡುತ್ತಾರೆ, ಸೊಂಟದ ಬದಲು ತಲೆ ಸರಿಯುತ್ತದೆ, ಮೈ ಇದ್ದಲ್ಲೇ ಇರುತ್ತದೆ. ಈ ತಪ್ಪು ತಿದ್ದಿಕೊಳ್ಳಲು ಎದುರಾಳಿ ಏನು ಸಹಾಯ ಮಾಡಿಯಾನು? ಮೇಲೆ ಭಾರ ಬಿದ್ದ ಗಳಿಗೆಯಲ್ಲಿ ಕೆಳಗಿನವನಿಗೆ ಉಸಿರು ಸಿಕ್ಕರೆ ಸಾಕಾಗಿರುತ್ತದೆ, ಹಿಮ್ಮಡಿ ಎಲ್ಲಿದೆ ಎಂದು ನೋಡುವ ವ್ಯವಧಾನ ಯಾರಿಗಿರುತ್ತದೆ? ಚಲನೆ ಒಂಟಿಯಾಗಿ ಮೈಗೂಡಬೇಕು, ಸಮಯ ಜೋಡಿಯಿಂದ ಬರಬೇಕು. ಮೊದಲನೆಯದು ಇಲ್ಲದವನಿಗೆ ಎರಡನೆಯದನ್ನು ಕೊಡಲು ಹೊರಟ ಜೋಡಿಯ ಸಂಜೆಯೂ ಹಾಳು.

ನಾಲ್ಕನೆಯದು: "ತಿದ್ದುವವರಿಲ್ಲದೆ ಮಾಡಿದರೆ ತಪ್ಪೇ ರೂಢಿಯಾಗುತ್ತದೆ, ಆಮೇಲೆ ಬಿಡಿಸಲಾಗುವುದಿಲ್ಲ." ಒಂಟಿ ಅಭ್ಯಾಸದಿಂದ ಮೈಗೆ ಏನೂ ಹತ್ತುವುದಿಲ್ಲ ಎಂದು ಎರಡು ನಿಮಿಷ ಮೊದಲು ಹೇಳಿದ್ದವರು ಇದೇ ಜನ. ಈಗ ಬಿಡಿಸಲಾಗದಷ್ಟು ಗಟ್ಟಿಯಾಗಿ ಹತ್ತುತ್ತದೆ ಅನ್ನುತ್ತಿದ್ದಾರೆ. ತಪ್ಪು ಮಾತ್ರ ಹತ್ತುವ, ಸರಿ ಮಾತ್ರ ಜಾರುವ ವಿಚಿತ್ರ ಮೈ ಯಾವ ಊರಿನದು? ತಪ್ಪು ರೂಢಿಯಾಗುವಷ್ಟು ಬಲ ಒಂಟಿ ಅಭ್ಯಾಸಕ್ಕಿದ್ದರೆ ಸರಿಯೂ ಅದೇ ಬಲದಿಂದ ರೂಢಿಯಾಗುತ್ತದೆ. ಉಳಿದ ಪ್ರಶ್ನೆ ತಿದ್ದುವುದು ಹೇಗೆ ಎಂಬುದು. ಅದಕ್ಕೆ ದಾರಿಯಿದೆ. ಮೊಬೈಲನ್ನು ಇಟ್ಟಿಗೆಗೆ ಆನಿಸಿಟ್ಟು ತನ್ನ ಚಲನೆಯನ್ನು ತಾನೇ ಚಿತ್ರಿಸಿಕೊಂಡು, ಬಲ್ಲವರು ಮಾಡಿದ್ದರ ಪಕ್ಕಕ್ಕಿಟ್ಟು ನೋಡುವ ಅನುಕೂಲ ಗಾಮಾನಿಗೂ ಇರಲಿಲ್ಲ, ಕಿಮುರಾನಿಗೂ ಇರಲಿಲ್ಲ. ಅಂದಹಾಗೆ, ತಪ್ಪು ರೂಢಿಯಾಗಲು ಒಂಟಿಯಾಗಿಯೇ ಇರಬೇಕೆಂದಿಲ್ಲ. ಗೆಳೆಯನೊಬ್ಬ ಸುಮ್ಮನೆ ಬಿದ್ದುಕೊಡುತ್ತಾ ಹೋದರೆ ವರ್ಷಗಟ್ಟಲೆ ತಪ್ಪು ಪಟ್ಟನ್ನೇ ಸರಿಯೆಂದುಕೊಂಡವರು ತಾಲೀಮುಗಳಲ್ಲಿ ಬೇಕಾದಷ್ಟಿದ್ದಾರೆ.

ಇದರ ಬಾಲದಲ್ಲೇ ಬರುವುದು ಗುರುವಿನ ಮಾತು. ಮೊಬೈಲು ಗುರುವಾಗಲಾರದು ಎನ್ನುತ್ತಾರೆ. ಒಪ್ಪಿದೆ, ಪುಸ್ತಕವೂ ಆಗಲಾರದು. ಆದರೂ ಬರೋಡಾದ ಮಜುಮದಾರರು ಹತ್ತು ಸಂಪುಟಗಳ ಮರಾಠಿ ವ್ಯಾಯಾಮ ಜ್ಞಾನಕೋಶವನ್ನು ಪೈಲ್ವಾನರ ಚಿತ್ರ, ಪಟ್ಟುಗಳ ವಿವರ ಸಮೇತ ಹೊರತಂದಾಗ ಅದನ್ನು ಯಾರೂ ಗುರುದ್ರೋಹ ಅನ್ನಲಿಲ್ಲ. ಇನ್ನು ಕೊಲ್ಹಾಪುರದ ಖಾಸಬಾಗ ಮೈದಾನದ ಕುಸ್ತಿಯ ತುಣುಕುಗಳನ್ನು ದಿನಕ್ಕೆ ಹತ್ತು ಸಲ ವಾಟ್ಸ್ಆ್ಯಪಿನಲ್ಲಿ ಕಳಿಸಿ 'ನೋಡಿ ಕಲೀರಿ' ಎಂದು ಕೆಳಗೆ ಬರೆಯುವವರು ಯಾರೆಂದು ನಾನು ಹೇಳಬೇಕಿಲ್ಲ.

ಐದನೆಯದು ಹೆದರಿಕೆಯ ಮಾತು: "ಒಬ್ಬನೇ ಮಾಡಿ ತಾನು ದೊಡ್ಡ ಪೈಲ್ವಾನ ಅಂದ್ಕೊಂಡು ಎಲ್ಲೋ ಹೋಗಿ ಪೆಟ್ಟು ತಿಂತಾನ." ಭ್ರಮೆ ಅಪಾಯವೇ. ಆದರೆ ಭ್ರಮೆಯನ್ನು ತಯಾರಿಸುವ ದೊಡ್ಡ ಕಾರ್ಖಾನೆ ಒಂಟಿತನವಲ್ಲ, ಬಾಗಿಬಾಗಿ ಬೀಳುವ ಜೋಡಿ. ಚೀಲವನ್ನು ಕೆಡವಿದವನಿಗೆ ತಾನು ಕೆಡವಿದ್ದು ಚೀಲವನ್ನು ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ವಾರ್ಷಿಕೋತ್ಸವದ ವೇದಿಕೆಯ ಮೇಲೆ ಮೊದಲೇ ಮಾತಾಡಿಕೊಂಡ ನಾಲ್ವರನ್ನು ಉರುಳಿಸಿ ಶಾಲು ಹೊದಿಸಿಕೊಂಡವನಿಗೆ ಅಷ್ಟು ಅರಿವಿರುತ್ತದೆಯೇ ಎಂಬುದು ಅನುಮಾನ.

ಆರನೆಯದಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಈ ಇಡೀ ಜಗಳದ ಬೇರು ಇಲ್ಲಿದೆ. "ಇಷ್ಟೆಲ್ಲಾ ಯಾಕ? ತಾಲೀಮಿಗೆ ಬರಲಿ, ಜೋಡಿ ಸಿಗತಾನ." ಎಷ್ಟು ಉದಾರವಾದ ಆಹ್ವಾನ! ಯಾರಿಗೆ ಸಿಗುತ್ತಾನೆ, ಎಂಥವನು ಸಿಗುತ್ತಾನೆ ಎಂದು ಸ್ವಲ್ಪ ವಿಚಾರಿಸೋಣ.

ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಆಟ ಮುಗಿಯಿತು. ಜಿಯು-ಜಿಟ್ಸುವಿನಲ್ಲಿ ಬೆನ್ನು ನೆಲಕ್ಕೆ ತಾಗಿದ ಮೇಲೆ ಆಟದ ದೊಡ್ಡ ಭಾಗ ಶುರುವಾಗುತ್ತದೆ. ಕೆಳಗೆ ಮಲಗಿದವನು ಎರಡೂ ಕಾಲುಗಳಿಂದ ಮೇಲಿನವನ ಸೊಂಟವನ್ನು ಬಿಗಿದು, ಅವನ ನಿಲುವನ್ನು ಮುರಿದು, ಕೈಗೋ ಕುತ್ತಿಗೆಗೋ ಹಿಡಿತ ಹಾಕುತ್ತಾನೆ. ಎಳವೆಯಿಂದ ಬೆನ್ನು ಮಣ್ಣಿಗೆ ತಾಗದಂತೆ ಬದುಕಿದ ಪೈಲ್ವಾನನಿಗೆ 'ಅಣ್ಣಾ, ಸ್ವಲ್ಪ ಅಂಗಾತ ಮಲಗು, ನಿನ್ನ ಮೇಲೆ ಕೂತು ನೋಡುತ್ತೇನೆ' ಎಂದು ಹೇಳಿ ನೋಡಿ. ಅಥವಾ ಹುಡುಗನೇ ಮಲಗಿ 'ನನ್ನ ಕಾಲಿನ ಒಳಗೆ ಬಾ' ಎಂದರೆ, ಪೈಲ್ವಾನ ನಕ್ಕು 'ನೀ ಆಗಲೇ ಸೋತಿ' ಎಂದು ಎದ್ದು ಹೋಗುತ್ತಾನೆ. ತಾಲೀಮಿನಲ್ಲಿ ಹತ್ತು ಜೋಡಿ ಇದ್ದಾರೆ, ನಿಜ. ಅವರು ಬೇರೆ ಆಟದ ಜೋಡಿಗಳು. ಕೆಡವುವುದನ್ನು, ಹಿಡಿತವನ್ನು, ತೋಳಿನ ಬಲವನ್ನು ಅವರಿಂದ ಕಲಿಯಬಹುದು, ಕಲಿಯಲೇಬೇಕು. ಬೆನ್ನ ಮೇಲಿನ ಆಟಕ್ಕೆ ಮಾತ್ರ ಅವರಿದ್ದೂ ಹುಡುಗ ಒಬ್ಬನೇ.

ಹೊತ್ತಿನ ಮಾತೂ ಇದೆ. ನಮ್ಮ ಕಡೆ ಕಬ್ಬಿನ ಕಟಾವು ಶುರುವಾದರೆ ಚಳಿಗಾಲ ಮುಗಿಯುವವರೆಗೂ ಯಾರ ಸಂಜೆಯೂ ಯಾರದಲ್ಲ. ಲೋಡು ಯಾವಾಗ ಹೊರಡುತ್ತದೆ, ಕರೆಂಟು ಯಾವಾಗ ಬರುತ್ತದೆ, ಮೋಟರು ಯಾವಾಗ ಹಾಕಬೇಕು ಎಂಬುದರ ಮೇಲೆ ದಿನ ನಿಂತಿರುತ್ತದೆ. ಇಬ್ಬರ ಬಿಡುವು ಒಂದೇ ಗಳಿಗೆಗೆ ಕೂಡಿ ಬರುವುದೆಂದರೆ ಮುಹೂರ್ತ ನೋಡಿದಂತೆಯೇ. ಬೆಳಗಾವಿಗೋ ಕೊಲ್ಹಾಪುರಕ್ಕೋ ದಿನಾ ಹೋಗಿ ಬಾ ಎನ್ನುವವರು ಬಸ್ಸಿನ ಚಾರ್ಜನ್ನೂ ಹೇಳಿದರೆ ಉಪಕಾರವಾಗುತ್ತಿತ್ತು.

ಇನ್ನು ಹುಡುಗಿಯರು. ಜೋಡಿ ಬೇಕೇ ಬೇಕು ಎನ್ನುವ ಈ ಸಿದ್ಧಾಂತ ಅವರ ವಿಷಯಕ್ಕೆ ಬಂದಾಗ ಬಾಯಿ ಮುಚ್ಚಿಕೊಳ್ಳುತ್ತದೆ. ಕೆಮ್ಮಣ್ಣಿನ ಹೌದೆಗೆ ಹುಡುಗಿ ಕಾಲಿಡುವುದನ್ನು ಒಪ್ಪದ ತಾಲೀಮುಗಳು ಇಂದಿಗೂ ಇವೆ. ಒಳಗೆ ಬಿಡುವುದಿಲ್ಲ, ಹೊರಗೆ ಒಬ್ಬಳೇ ಮಾಡಿದರೆ ಪ್ರಯೋಜನವಿಲ್ಲ ಅನ್ನುತ್ತಾರೆ. ಎರಡನ್ನೂ ಕೂಡಿಸಿದರೆ ಬರುವ ಮೊತ್ತ 'ಕಲಿಯಲೇ ಬೇಡ' ಎಂಬುದು. ಅದನ್ನು ನೇರವಾಗಿ ಹೇಳುವ ಧೈರ್ಯವಿಲ್ಲದ್ದಕ್ಕೆ ತಂತ್ರಶಾಸ್ತ್ರದ ವೇಷ. ಇತ್ತ ಸರ್ಕಾರಿ ಶಾಲೆಯ ಅಂಗಳದಲ್ಲಿ ಆತ್ಮರಕ್ಷಣೆಯ ತರಬೇತಿಯೆಂದು ಹುಡುಗಿಯರು ಸಾಲಾಗಿ ನಿಂತು ಗಾಳಿಗೆ ಗುದ್ದುತ್ತಾರೆ. ಕರಾಟೆಯ ಆ ಗುದ್ದಿಗೆ ಎದುರಾಳಿ ಇಲ್ಲ. ವೇದಿಕೆಯ ಮೇಲಿನ ಗಣ್ಯರು ಚಪ್ಪಾಳೆ ತಟ್ಟುತ್ತಾರೆ, 'ಜೋಡಿ ಎಲ್ಲಿ' ಎಂದು ಒಬ್ಬರೂ ಕೇಳುವುದಿಲ್ಲ. ಅದೇ ಹುಡುಗಿ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ, ತನ್ನ ಮೇಲೆ ಬಿದ್ದವನ ಕೆಳಗಿನಿಂದ ಜಾರಿಕೊಳ್ಳುವ ಚಲನೆಯನ್ನು ಅಭ್ಯಾಸ ಮಾಡಿದರೆ ಮಾತ್ರ ಎಲ್ಲರಿಗೂ ಜೋಡಿಯ ನೆನಪಾಗುತ್ತದೆ. ಗಾಳಿಗೆ ಗುದ್ದುವುದು ವಿದ್ಯೆಯಾದರೆ ನೆಲದ ಮೇಲೆ ಜಾರುವುದು ಹೇಗೆ ಆಟವಾಯಿತು?

'ನಮ್ಮ ಕುಸ್ತಿ ಇರುವಾಗ ಪರದೇಶದ್ದು ಯಾಕೆ' ಎಂಬುದು ಏಳನೆಯದು. ಚರ್ಚೆಯಾಗುತ್ತಿರುವುದು ಒಂಟಿ ಅಭ್ಯಾಸ, ಪಟ್ಟಿನ ಪಾಸ್‌ಪೋರ್ಟಲ್ಲ. ಆದರೂ ಕೇಳಿದ್ದಕ್ಕೆ ಹೇಳುತ್ತೇನೆ: ಇಂದಿನ ಕುಸ್ತಿ ಇಲ್ಲಿನ ಮಲ್ಲವಿದ್ಯೆಯೂ ಪರ್ಷಿಯಾದ ಕುಸ್ತಿಯೂ ಕೂಡಿ ಬೆಳೆದದ್ದು. ಹೊರಗಿನದನ್ನು ಜೀರ್ಣಿಸಿಕೊಂಡ ಹೊಟ್ಟೆಗೆ ಜಪಾನಿನ ಎರಡು ಪಟ್ಟು ಅಜೀರ್ಣ ಮಾಡುವುದಿಲ್ಲ.

ಕಡೆಯದು ಗಾಯದ ಭಯ. ಇದಕ್ಕೆ ಮಾತ್ರ ವ್ಯಂಗ್ಯ ಬೇಡ, ನೇರವಾಗಿ ಮಾತಾಡೋಣ. "ಒಬ್ಬನೇ ಮಾಡಿ ಕುತ್ತಿಗೆ ಮುರ್ಕೊಂಡರ ನೋಡೋರು ಯಾರು?" ಒಬ್ಬರೇ ಮಾಡಬಾರದ್ದು ಇದೆ. ಹಗ್ಗವನ್ನೋ ಟವೆಲನ್ನೋ ಸ್ವಂತ ಕುತ್ತಿಗೆಗೆ ಸುತ್ತಿ ಕತ್ತು ಬಿಗಿಯುವ ಹಿಡಿತವನ್ನು ಪರೀಕ್ಷಿಸುವುದು ಎಂದೆಂದಿಗೂ ಕೂಡದು. ಅದರಲ್ಲಿ ಪ್ರಜ್ಞೆ ತಪ್ಪುವುದಕ್ಕೆ ಕೆಲವೇ ಸೆಕೆಂಡು ಸಾಕು, ಬಿಡಿಸುವವರು ಪಕ್ಕದಲ್ಲಿರುವುದಿಲ್ಲ. ಗಟ್ಟಿ ನೆಲದ ಮೇಲೆ ಗಾಳಿಯಲ್ಲಿ ಲಾಗ ಹೊಡೆಯುವುದು ಬೇಡ. ತಲೆಯೂರಿ ಮೈಯೆತ್ತುವ ಸಾಮನ್ನು ಮೊದಲ ದಿನವೇ ಪೂರ್ತಿ ಭಾರ ಹಾಕಿ ಮಾಡಬಾರದು. ಕೈ ಊರಿಕೊಂಡು, ಸ್ವಲ್ಪ ಸ್ವಲ್ಪವೇ ಭಾರ ಬಿಡುತ್ತಾ ಬರಬೇಕು. ಇಷ್ಟನ್ನು ಬಿಟ್ಟರೆ ಉಳಿದದ್ದು ಸೊಂಟ ಸರಿಸುವುದು, ಸೇತುವೆಯಂತೆ ಮೈಯೆತ್ತುವುದು, ಭುಜದ ಮೇಲೆ ಉರುಳುವುದು, ಕೂತಲ್ಲಿಂದ ಹಿಂದಕ್ಕೆ ಬಿದ್ದು ಗದ್ದವನ್ನು ಎದೆಗೆ ಒತ್ತಿ ಅಂಗೈ ಬಡಿಯುವುದು, ಟ್ಯೂಬು ಎಳೆದು ಮೈ ತಿರುಗಿಸುವುದು. ಆದರೆ ಅಪಾಯವನ್ನು ಎತ್ತಿದವರು ಅದರ ಇನ್ನೊಂದು ತಟ್ಟೆಯನ್ನೂ ತೂಗಬೇಕಿತ್ತು. ಈ ವಿದ್ಯೆಯಲ್ಲಿ ಮೊಣಕೈ ನೆಟ್ಟಗಾಗಿ ಸೆಳೆಯುವುದು, ಭುಜ ತಪ್ಪುವುದು, ಮಂಡಿ ತಿರುಚುವುದು ಹೆಚ್ಚಾಗಿ ಯಾರ ಕೈಯಿಂದ? ಜೋಡಿಯ ಕೈಯಿಂದ. ಸೋಲೊಪ್ಪಿ ನೆಲ ತಟ್ಟಿದರೂ ತಕ್ಷಣ ಬಿಡದ ಜೋಡಿಯಿಂದ. ಬೀಳುವುದು ಹೇಗೆಂದು ಗೊತ್ತಿಲ್ಲದವನನ್ನು ನೇರ ಜೋರಿಗೆ ಇಳಿಸಿ ಕಾಲರ್ ಎಲುಬು ಮುರಿದ ಮೇಲೆ 'ಆಟದಾಗ ಇದ್ದದ್ದೇ' ಅನ್ನುವವರು, ಒಬ್ಬನೇ ಕೂತು ಬೀಳುವುದನ್ನು ಕಲಿಯುವವನಿಗೆ ಸುರಕ್ಷತೆಯ ಪಾಠ ಹೇಳುತ್ತಾರೆ.

ವಾದ ಇಷ್ಟು. ಜೋಡಿಯಿಂದ ಬರುವುದು ಜೋಡಿಯಿಂದಲೇ ಬರಬೇಕು ಎಂಬುದನ್ನು ನಾನು ಎಲ್ಲೂ ನಿರಾಕರಿಸಿಲ್ಲ. ಉಳಿದದ್ದೆಲ್ಲ ಜೋಡಿಯಿಲ್ಲದೆ ವ್ಯರ್ಥ ಎಂಬುದನ್ನು ಅವರು ಎಲ್ಲೂ ತೋರಿಸಿಲ್ಲ. ಜೋಡಿಯ ಕೊರತೆಯ ಬಗ್ಗೆ ಅವರ ಕಳಕಳಿ ನಿಜವಾದದ್ದೇ ಆಗಿದ್ದರೆ ಮಾಡಬೇಕಾದ ಕೆಲಸ ಕಷ್ಟದ್ದೇನಲ್ಲ. ತಾಲೀಮಿನವರು ವಾರದಲ್ಲಿ ಒಂದು ಸಂಜೆ ಬಾಗಿಲು ತೆರೆಯಲಿ, ಹುಡುಗಿಯರಿಗೆ ಬೇರೆ ಹೊತ್ತು ಕೊಟ್ಟಾದರೂ ತೆರೆಯಲಿ, ಬೆನ್ನ ಮೇಲೆ ಮಲಗಿದವನನ್ನು ಸೋತವನೆಂದು ನಗದೆ ಅವನ ಜೊತೆ ಹತ್ತು ನಿಮಿಷ ಸೆಣಸಲಿ. ನಗರದ ಕೋಚುಗಳು ವರ್ಷಕ್ಕೆ ಎರಡು ಸಲ ರಾಯಬಾಗ, ಹಾರೂಗೇರಿಯ ಕಡೆಗೆ ಬಂದು ಎರಡು ದಿನದ ಶಿಬಿರ ಮಾಡಲಿ. ತಾಡಪತ್ರಿಯನ್ನು ನಾವೇ ಹಾಸಿಕೊಡುತ್ತೇವೆ. ಅಲ್ಲಿಯವರೆಗೆ, ಜೋಡಿ ಕೊಡದವರ ಬಾಯಿಂದ ಬರುವ 'ಜೋಡಿ ಇಲ್ಲದೆ ಮಾಡಬೇಡ' ಎಂಬ ಆಕ್ಷೇಪವನ್ನು ವಿಚಾರಣೆಗೆ ಎತ್ತಿಕೊಳ್ಳುವ ಅಗತ್ಯವಿಲ್ಲವೆಂದು ಓದುಗರು ತಳ್ಳಿಹಾಕಬಹುದು.